ಒಂಬತ್ತನೇ ಕಲಂ

ಹಾಸನದ ಈ ಕಾಲೇಜಿನ ಪ್ರವೇಶ ವಿಭಾಗದಲ್ಲಿ
ಇಪ್ಪತ್ತಮೂರು ಜೂನ್ ಕಳೆದಿದ್ದೇನೆ
ಒಂದು ಕಾಲು ಅಲ್ಲಾಡುವ ಇದೇ ಮೇಜಿನ ಹಿಂದೆ.
ಅರ್ಜಿಯ ಎಂಟು ಕಲಂ ಎಲ್ಲರೂ ಸರಸರ ತುಂಬುತ್ತಾರೆ.
ಒಂಬತ್ತಕ್ಕೆ ಬಂದಾಗ ಕೆಲವರ ಪೆನ್ನು ನಿಲ್ಲುತ್ತದೆ,
ದನಿ ಇಳಿಯುತ್ತದೆ:
"ಮೇಡಂ, ಇಲ್ಲಿ ಪೂರ್ತಿ ಬರೀಬೇಕಾ?"

ಪೂರ್ತಿ ಬರೀಬೇಕು ಮಗಾ.
ಅರ್ಧ ಬರೆದರೆ ಕಂಪ್ಯೂಟರು ಒಪ್ಪುವುದಿಲ್ಲ.
ಊರಾದರೆ ಅರ್ಧದಲ್ಲೇ ಪೂರ್ತಿ ಓದಿಕೊಳ್ಳುತ್ತದೆ.

ಎರಡನೇ ಪಟ್ಟಿ ಅಂಟಿಸಿದ ಬೆಳಿಗ್ಗೆ ಶೇಷಗಿರಿ ಬಂದರು.
ಮದುವೆಮನೆಗಳ ಅಡಿಗೆಯವರು, ಆಷಾಢ, ಕೆಲಸವಿಲ್ಲ,
ಮುಂಗೈ ತುಂಬ ಎಣ್ಣೆ ಸಿಡಿದ ಹಳೇ ಚುಕ್ಕಿ.
ಮಗಳು ಮೈತ್ರೇಯಿಗೆ ಐನೂರ ನಲವತ್ತೊಂಬತ್ತು.
ಸಾಮಾನ್ಯ ಪಟ್ಟಿ ನಿಂತದ್ದು ಐನೂರ ಐವತ್ತೊಂದಕ್ಕೆ.
ಅವರ ಬೆರಳು ಗಾಜಿನ ಮೇಲೆ ಇಳಿಯುತ್ತ ಇಳಿಯುತ್ತ
ಪಕ್ಕದ ಪಟ್ಟಿಯ ಕೊನೆಗೆ ಬಂದು ನಿಂತಿತು:
ಪೂರ್ವಿಕಾ ಡಿ., ಐನೂರ ಮೂರು.

"ನೀವೇ ಹೇಳಿ ಮೇಡಂ, ಇದು ನ್ಯಾಯವಾ?
ನನಗೆ ಜಮೀನಿಲ್ಲ. ಸೌಟು ಕೂಡ ಕಂಟ್ರಾಕ್ಟರನದು."

ಹೇಳುವುದಿತ್ತು. ಹೇಳಲಿಲ್ಲ.
ಸೌಟು ಕಂಟ್ರಾಕ್ಟರನದು ಎಂಬುದು ನಿಜ.
ಆ ಸೌಟು ಆಡಿದ ಸಾರನ್ನು
ಊರಿಗೆ ಊರೇ ಸುರಿದು ಉಣ್ಣುತ್ತದೆ, ಅದೂ ನಿಜ.
ನನ್ನವ್ವ ಒಮ್ಮೆ ಹಾಸ್ಟೆಲಿನ ಅಡಿಗೆಗೆ ಸೇರಿ
ಮೂರನೇ ದಿನಕ್ಕೆ ಪಾತ್ರೆ ತೊಳೆಯಲು ಬದಲಾದಳು.
ಸಾರಿಗೆ ಉಪ್ಪೇನೂ ಹೆಚ್ಚಾಗಿರಲಿಲ್ಲ.

ಪೂರ್ವಿಕಾ ಬಂದದ್ದು ಮಧ್ಯಾಹ್ನ, ಅಪ್ಪನ ಜೊತೆ.
ದ್ಯಾವಯ್ಯ, ಆಲೂಗಡ್ಡೆ ಮಂಡಿಯ ಹಮಾಲಿ,
ಕಾಲೇಜೆಂದು ಚಪ್ಪಲಿ ಹೊರಗೇ ಬಿಟ್ಟು ನಿಂತಿದ್ದ.
ಹಾಕಿಕೊಂಡು ಬನ್ನಿ ಅಂದೆ. ಎರಡು ಸಲ ಅಂದೆ.
ಮಗಳ ಹೆಸರು ಟೀವಿ ನೋಡಿ ಚಿಕ್ಕಮ್ಮ ಇಟ್ಟದ್ದಂತೆ.
ಪೂರ್ವಿಕರಲ್ಲಿ ಯಾರೂ ಈ ಹೊಸಿಲು ದಾಟಿದವರಲ್ಲ,
ಈಗ ಒಬ್ಬ ಹುಡುಗಿಯ ಸಹಿಯಲ್ಲಿ
ಅಷ್ಟೂ ಜನ ಒತ್ತೊತ್ತಾಗಿ ನಿಂತಂತಿತ್ತು.

"ಮಂಡೀಲಿ ತೂಕ ಹಾಕ್ದಾಗ
ಚೀಲದ್ದಿಷ್ಟು, ಮಣ್ಣಿಂದಿಷ್ಟು ಅಂತ ಕಳೀತಾರೆ.
ಇಲ್ಲಿ ನಮ್ಮುಡುಗಿ ಅಂಕದಲ್ಲಿ ಏನಾರ ಕಳೀತೀರಾ ಮೇಡಮ್ಮಾರೆ?"

ಇಲ್ಲ ಅಂದೆ. ಮೊಹರು ಒತ್ತಿದೆ.
ಐನೂರ ಮೂರಕ್ಕೆ ಎಷ್ಟು ಮಣ್ಣು ಮೆತ್ತಿದೆ,
ಐನೂರ ನಲವತ್ತೊಂಬತ್ತಕ್ಕೆ ಎಷ್ಟು,
ತೊಳೆದು ತೂಗುವ ತಕ್ಕಡಿ ಯಾರ ಅಂಗಡಿಯಲ್ಲಿದೆ?
ಹುಡುಗಿಯರು ಆಲೂಗಡ್ಡೆಯಲ್ಲ, ಗೊತ್ತು.
ಬಿ.ಎಂ. ರಸ್ತೆಯಾಚೆ ದುಡ್ಡು ಕಟ್ಟಿ ಸೇರಿದವರ ಅಂಕವನ್ನು
ಯಾವ ಗಾಜಿನೊಳಗೂ ಅಂಟಿಸುವುದಿಲ್ಲ,
ಅಲ್ಲಿ ಬೆರಳಿಡಲು ಜಾಗವೇ ಇಲ್ಲ, ಅದೂ ಗೊತ್ತು.

ನಾನೂ ಅಂಥದೇ ಪಟ್ಟಿಯಲ್ಲಿ ಇಲ್ಲಿಗೆ ಬಂದವಳು.
ಪಕ್ಕದಲ್ಲಿ ಕೂತವಳು ಕೇಳಿದಳು, ನಿಂದೆಷ್ಟು?
ಹೇಳಿದೆ.
"ಅಷ್ಟಕ್ಕೇ ಸಿಕ್ತಾ?" ಎಂದು ನಕ್ಕು
ಬುತ್ತಿಯ ಡಬ್ಬಿಯನ್ನು ಒಂದಿಂಚು ಆಚೆ ಸರಿಸಿದಳು.
ಕೊನೇ ವರ್ಷ ಅವಳಿಗಿಂತ ನನಗೆ ಹದಿನಾಲ್ಕು ಅಂಕ ಜಾಸ್ತಿ.
ಆಗ ಯಾರೂ ಎಷ್ಟು ಎಂದು ಕೇಳಲಿಲ್ಲ.
ಆ ಒಂದಿಂಚನ್ನು ಇನ್ನೂ
ಯಾವ ಕಲಮ್ಮಿನಲ್ಲಿ ತುಂಬುವುದೋ ತಿಳಿದಿಲ್ಲ.

ಶುಕ್ರವಾರ ಸಂಜೆ ಮೂರು ಸೀಟು ಖಾಲಿಯಾದವು,
ಇಂಜಿನಿಯರಿಂಗಿಗೆ ಹಾರಿದವರದು.
ನಿಯಮದಲ್ಲಿಲ್ಲದಿದ್ದರೂ ಫೋನು ಮಾಡಿದೆ:
ಶೇಷಗಿರಿಯವರೇ, ಸೋಮವಾರ ಮಗಳನ್ನು ಕರೆತನ್ನಿ.
ಗಂಟಲು ಕಟ್ಟಿತು ಅವರಿಗೆ. ದೇವರು ನಿಮ್ಮನ್ನು, ಎಂದರು,
ನಿಮ್ಮ ಮಕ್ಕಳನ್ನು, ಎಂದರು.
ಆಮೇಲೆ ಮೆಲ್ಲಗೆ, ಅಕ್ಕರೆಯಿಂದಲೇ:
"ಅಂದಹಾಗೆ ಮೇಡಂ, ನೀವು ಯಾವ ಪೈಕಿ?"

ಪೂರ್ತಿ ಹೇಳಬೇಕಾ, ಅಂದೆ.

ಆ ಕಡೆ ಒಗ್ಗರಣೆ ಸಿಡಿಯುವ ಸದ್ದು.
ಅವರು ಫೋನು ಇಡಲಿಲ್ಲ.
ನಾನೂ.